ಕೋಲಾರದಲ್ಲಿ ಆಡಿದ ಮಾತು, ಸೂರತ್‌ನಲ್ಲಿ ಆದ ಶಿಕ್ಷೆ

2019ರ ಏಪ್ರಿಲ್ 13. ಕೋಲಾರ ಲೋಕಸಭಾ ಕ್ಷೇತ್ರದ ಮತದಾನಕ್ಕೆ ಐದೇ ದಿನ ಬಾಕಿ. ಅವತ್ತು ಕೋಲಾರದಲ್ಲಿ ಕಾಂಗ್ರೆಸ್ಸಿನ ಬಹಿರಂಗ ಸಭೆ ಇತ್ತು. ಆಗ ಪಕ್ಷದ ಅಧ್ಯಕ್ಷರಾಗಿದ್ದ ರಾಹುಲ್ ಗಾಂಧಿ ಹಿಂದಿಯಲ್ಲಿ ಭಾಷಣ ಮಾಡುತ್ತಾ ನೀರವ್ ಮೋದಿ, ಲಲಿತ್ ಮೋದಿ, ನರೇಂದ್ರ ಮೋದಿ ಎಂದು ಮೂರು ಹೆಸರು ಸಾಲಾಗಿ ಹೇಳಿದರು. ಈ ಕಳ್ಳರ ಹೆಸರಲ್ಲೆಲ್ಲಾ ಮೋದಿ ಅಂತ ಯಾಕಿದೆ, ಇನ್ನೂ ಹುಡುಕಿದರೆ ಇನ್ನಷ್ಟು ಮೋದಿಗಳು ಸಿಗುತ್ತಾರೆ ಎಂಬ ಅರ್ಥದ ಮಾತು ಅದು. ಹೇಳಿ ಮುಂದಿನ ವಿಷಯಕ್ಕೆ ಹೋದರು.

ಆ ಒಂದು ಮಾತಿಗೆ ನಾಲ್ಕು ವರ್ಷದ ನಂತರ, ಸಾವಿರ ಕಿಲೋಮೀಟರ್‌ಗೂ ಆಚೆ ಇರುವ ಸೂರತ್‌ನಲ್ಲಿ ಎರಡು ವರ್ಷದ ಜೈಲು ಶಿಕ್ಷೆ ಆಯಿತು. ಮಾರನೇ ದಿನ ವಯನಾಡಿನ ಜನ ಆರಿಸಿ ಕಳಿಸಿದ್ದ ಸಂಸದರ ಸ್ಥಾನವೂ ಹೋಯಿತು. ಇದನ್ನು ಕಾಂಗ್ರೆಸ್–ಬಿಜೆಪಿ ಜಗಳವಾಗಿ ನೋಡಿದವರೇ ಜಾಸ್ತಿ. ನನಗೆ ಇದರಲ್ಲಿ ಮುಖ್ಯ ಅನ್ನಿಸುವುದು ಬೇರೆ. ಚುನಾವಣೆಯ ಮೈದಾನದಲ್ಲಿ ಆಡಿದ ಒಂದು ಲೇವಡಿ ಮಾತಿನಿಂದ ಯಾರಿಗಾದರೂ ನೋವಾದರೆ ಅದನ್ನು ತೀರ್ಮಾನ ಮಾಡಬೇಕಾದವರು ಯಾರು, ಎಲ್ಲಿ, ಯಾವ ಶಿಕ್ಷೆಯಿಂದ? ಮಾತು ಸರಿಯಿರಲಿಲ್ಲ ಅಂತಲೇ ನಾನು ಹೇಳುತ್ತೇನೆ. ಆದರೆ ಅದಕ್ಕೆ ಜೈಲು ಅನ್ನುವುದು ಮಾತಿಗಿಂತ ದೊಡ್ಡ ತಪ್ಪು.

ಮೊದಲು ಆ ಏಪ್ರಿಲ್ ತಿಂಗಳ ಬಿಸಿ ಹೇಗಿತ್ತು ಅಂತ ನೆನಪು ಮಾಡಿಕೊಳ್ಳಬೇಕು. ‘ಚೌಕೀದಾರ್ ಚೋರ್ ಹೈ’, ಅಂದರೆ ಕಾವಲುಗಾರನೇ ಕಳ್ಳ, ಅನ್ನುವುದು ಕಾಂಗ್ರೆಸ್ಸಿನ ಆ ಸಲದ ಮುಖ್ಯ ಘೋಷಣೆ. ತಾನು ದೇಶದ ಚೌಕೀದಾರ್ ಅಂತ ಹೇಳಿಕೊಳ್ಳುತ್ತಿದ್ದ ಪ್ರಧಾನಿಗೆ ಕೊಟ್ಟ ಏಟು ಅದು. ಬಿಜೆಪಿ ಅದಕ್ಕೆ ಕೊಟ್ಟ ಉತ್ತರ ಇವತ್ತಿಗೂ ನನಗೆ ಜಾಣತನದ ಉತ್ತರ ಅನ್ನಿಸುತ್ತದೆ. ‘ನಾನೂ ಚೌಕೀದಾರ್’ ಅಂತ ಪ್ರಚಾರ ಶುರು ಮಾಡಿ, ಪ್ರಧಾನಿಯಿಂದ ಹಿಡಿದು ಸಾಮಾನ್ಯ ಕಾರ್ಯಕರ್ತನವರೆಗೆ ಟ್ವಿಟರ್‌ನಲ್ಲಿ ತಮ್ಮ ಹೆಸರಿನ ಮೊದಲಿಗೆ ಚೌಕೀದಾರ್ ಅಂತ ಸೇರಿಸಿಕೊಂಡರು. ಬೈಗುಳವನ್ನೇ ಬ್ಯಾಡ್ಜ್ ಮಾಡಿಕೊಂಡರು. ಲೇವಡಿಗೆ ಲೇವಡಿಯಲ್ಲೇ ಉತ್ತರ ಬಂತು, ಜನ ಎರಡನ್ನೂ ಕೇಳಿಸಿಕೊಂಡರು, ವೋಟು ಹಾಕಿದರು. ಆ ಚುನಾವಣೆಯಲ್ಲಿ ಬಿಜೆಪಿಗೆ 303 ಸ್ಥಾನ ಬಂತು. ಕೋಲಾರದಲ್ಲಂತೂ 1991ರಿಂದ ಸತತ ಏಳು ಸಲ ಗೆದ್ದಿದ್ದ ಕೆ.ಎಚ್. ಮುನಿಯಪ್ಪ ಸೋತರು. ಬಿಜೆಪಿಯ ಎಸ್. ಮುನಿಸ್ವಾಮಿ ಎರಡು ಲಕ್ಷಕ್ಕೂ ಜಾಸ್ತಿ ಅಂತರದಲ್ಲಿ ಗೆದ್ದರು. ಆ ಸೋಲಿಗೆ ಪಕ್ಷದ ಒಳಜಗಳ ಸೇರಿದಂತೆ ಬೇರೆ ಬೇರೆ ಕಾರಣ ಇದ್ದವು, ಒಂದು ಭಾಷಣದಿಂದ ಸೋತರು ಅಂತ ನಾನು ಹೇಳುವುದಿಲ್ಲ. ಆದರೆ ಆ ಭಾಷಣ ಯಾರ ಮುಂದೆ ನಡೆಯಿತೋ ಆ ಜನ ಐದನೇ ದಿನಕ್ಕೆ ತಮ್ಮ ತೀರ್ಪು ಕೊಟ್ಟಿದ್ದರು ಅನ್ನುವುದು ಮಾತ್ರ ಸತ್ಯ.

ಈಗ ಆ ಮಾತಿಗೆ ಬರೋಣ.

ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ಎಷ್ಟೋ ಜನರ ಹೆಸರಿಗೆ ಅಡ್ಡಹೆಸರು ಅಂತ ಇರುವುದಿಲ್ಲ. ಊರಿನ ಹೆಸರಿನ ಒಂದಕ್ಷರ, ಅಪ್ಪನ ಹೆಸರಿನ ಒಂದಕ್ಷರ, ಆಮೇಲೆ ನಮ್ಮ ಹೆಸರು. ಹಾಗಾಗಿ ‘ಮೋದಿ’ ಅಂದಾಗ ಇಲ್ಲಿನವರ ಕಣ್ಣ ಮುಂದೆ ಬರುವುದು ಆ ಮೂವರೇ: ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣದಲ್ಲಿ ದೇಶ ಬಿಟ್ಟು ಹೋದ ವಜ್ರದ ವ್ಯಾಪಾರಿ, ಐಪಿಎಲ್ ಶುರು ಮಾಡಿ ಲಂಡನ್ ಸೇರಿದವರು, ಮತ್ತು ಪ್ರಧಾನಿ. ಗುಜರಾತಿನಲ್ಲಿ ಹಾಗಲ್ಲ. ಅಲ್ಲಿ ಮೋದಿ ಅಂದರೆ ಸಾವಿರಾರು ಮನೆಗಳ ಬಾಗಿಲ ಮೇಲೆ ಇರುವ ಹೆಸರು. ಶಾಲೆಯ ಹಾಜರಿ ಪುಸ್ತಕದಲ್ಲಿ ಮಕ್ಕಳ ಹೆಸರಿನ ಜೊತೆ ಇರುವ ಹೆಸರು. ಯಾರಾದರೂ ಉತ್ತರದಿಂದ ಬಂದು ಇಲ್ಲಿ ಮೂವರು ರೆಡ್ಡಿಗಳ ಹೆಸರೋ ಮೂವರು ಗೌಡರ ಹೆಸರೋ ಹೇಳಿ, ಕಳ್ಳರೆಲ್ಲಾ ಇದೇ ಹೆಸರಿನವರು ಯಾಕೆ ಅಂದಿದ್ದರೆ ನಮ್ಮ ಊರುಗಳಲ್ಲೂ ಬೆಂಕಿ ಹತ್ತಿಕೊಳ್ಳುತ್ತಿತ್ತು. ಅದಕ್ಕೇ ನೊಂದುಕೊಂಡವರನ್ನು ಸುಮ್ನೆ ನಾಟಕ ಆಡ್ತಾರೆ ಅಂತ ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಒಬ್ಬ ಪ್ರಧಾನಿಯ ಕೆಲಸವನ್ನು, ಮಾತನ್ನು, ನಿರ್ಧಾರವನ್ನು ಎಷ್ಟು ಬೇಕಾದರೂ ಗೇಲಿ ಮಾಡಿ. ಅವರು ಆ ಜಾಗಕ್ಕೆ ತಾವಾಗಿ ಬಂದವರು. ಹುಟ್ಟಿನಿಂದ ಬಂದ ಹೆಸರಿಗೆ ಕೈ ಹಾಕಿದಾಗ, ಆ ಹೆಸರಿರುವ ಯಾವುದೋ ಊರಿನ ಎಣ್ಣೆ ಅಂಗಡಿಯವನೂ ಅದರಲ್ಲಿ ಸಿಕ್ಕಿಹಾಕಿಕೊಳ್ಳುತ್ತಾನೆ. ಒಳ್ಳೆಯ ವಿಡಂಬನೆ ಗುರಿ ತಪ್ಪುವುದಿಲ್ಲ. ಇದು ತಪ್ಪಿತು.

ದೂರು ಕೊಟ್ಟವರು ಆ ಮೂವರಲ್ಲಿ ಯಾರೂ ಅಲ್ಲ. ಸೂರತ್ ಪಶ್ಚಿಮದ ಬಿಜೆಪಿ ಶಾಸಕ ಪೂರ್ಣೇಶ್ ಮೋದಿ. ಭಾಷಣ ಆದ ಕೆಲವೇ ದಿನಗಳಲ್ಲಿ ಸೂರತ್ ಕೋರ್ಟಿನಲ್ಲಿ ಖಾಸಗಿ ದೂರು ಹಾಕಿದರು. ಭಾರತೀಯ ದಂಡ ಸಂಹಿತೆಯ 499 ಮತ್ತು 500ನೇ ಕಲಂ, ಅಂದರೆ ಕ್ರಿಮಿನಲ್ ಮಾನನಷ್ಟ. ಇದೇ ಮಾತಿಗೆ ಪಟ್ನಾದಲ್ಲಿ ಬಿಹಾರದ ಆಗಿನ ಉಪಮುಖ್ಯಮಂತ್ರಿ, ಬಿಜೆಪಿಯ ಸುಶೀಲ್ ಮೋದಿ ಒಂದು ಕೇಸು ಹಾಕಿದರು, ರಾಂಚಿಯಲ್ಲಿ ಇನ್ನೊಂದಾಯಿತು. ಒಂದೇ ಮಾತು, ಮೂರು ರಾಜ್ಯದಲ್ಲಿ ಮೂರು ಕೋರ್ಟು. ಮಾತು ಹುಟ್ಟಿದ್ದು ಮಾತ್ರ ಕೋಲಾರದಲ್ಲಿ.

ಸಾಕ್ಷಿಯ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. ಚುನಾವಣೆ ಹೊತ್ತಿನಲ್ಲಿ ಯಾವ ದೊಡ್ಡ ಸಭೆಗೆ ಹೋದರೂ ಒಂದು ಪಕ್ಕದಲ್ಲಿ ಆಯೋಗದ ವಿಡಿಯೊ ತಂಡ ಇರುತ್ತದೆ. ವಿಎಸ್‌ಟಿ ಅಂತಾರೆ. ಕ್ಯಾಮೆರಾದವರು ಮೊದಲು ವೇದಿಕೆಯ ಅಗಲ, ಕುರ್ಚಿ, ಶಾಮಿಯಾನ, ಬಂದ ಬಸ್ಸು–ಟೆಂಪೊಗಳ ನಂಬರು ಎಲ್ಲವನ್ನೂ ಹಿಡಿಯುತ್ತಾರೆ. ಯಾಕಂದರೆ ಅಭ್ಯರ್ಥಿಯ ಖರ್ಚಿನ ಲೆಕ್ಕಕ್ಕೆ ಅದು ಬೇಕು. ಆಮೇಲೆ ಭಾಷಣ ಪೂರ್ತಿ ರೆಕಾರ್ಡ್ ಆಗುತ್ತದೆ. ನೀತಿಸಂಹಿತೆ ಮೀರಿದ ಮಾತು ಇದೆಯಾ ಅಂತ ಇನ್ನೊಂದು ತಂಡ ಕೂತು ನೋಡುತ್ತದೆ. ಇಷ್ಟೆಲ್ಲಾ ವ್ಯವಸ್ಥೆ ಇರುವುದೇ ಪ್ರಚಾರದ ಮಾತು ಹದ್ದು ಮೀರಿದರೆ ಅಲ್ಲೇ, ಆಗಲೇ ಹಿಡಿಯಲಿ ಅಂತ. ಟೀಕೆ ಪಕ್ಷದ ನೀತಿ, ಕಾರ್ಯಕ್ರಮ, ಹಿಂದಿನ ಕೆಲಸದ ಮೇಲೆ ಇರಲಿ, ಸಾರ್ವಜನಿಕ ಕೆಲಸಕ್ಕೆ ಸಂಬಂಧ ಇಲ್ಲದ ಖಾಸಗಿ ಬದುಕಿಗೆ ಕೈ ಹಾಕಬೇಡಿ ಅಂತ ನೀತಿಸಂಹಿತೆ ಹೇಳುತ್ತದೆ. ಅಭ್ಯರ್ಥಿಯ ವೈಯಕ್ತಿಕ ನಡತೆ ಬಗ್ಗೆ ಗೊತ್ತಿದ್ದೂ ಸುಳ್ಳು ಹೇಳಿದರೆ ಜನಪ್ರತಿನಿಧಿ ಕಾಯ್ದೆಯ 123(4) ಇದೆ, ಅದರ ಮೇಲೆ ಚುನಾವಣೆಯೇ ರದ್ದಾಗಬಹುದು. ಅಂದರೆ ಚುನಾವಣೆ ಮಾತಿಗೆ ಚುನಾವಣೆ ಕಾನೂನಿನಲ್ಲೇ ದಾರಿ ಇತ್ತು. ಅದು ಬಿಟ್ಟು 1860ರ ಒಂದು ಕಲಮಿನ ಕಡೆ ಹೋದದ್ದು. ಆ ದಿನದ ಭಾಷಣದ ಸಿಡಿ, ಪೆನ್‌ಡ್ರೈವ್ ಸೂರತ್ ಕೋರ್ಟಿನಲ್ಲಿ ಮುಖ್ಯ ಸಾಕ್ಷಿಯಾದವು.

ಕೇಸು ಮೆಲ್ಲಗೆ ನಡೆಯಿತು. ಮಧ್ಯೆ 2022ರ ಮಾರ್ಚ್‌ನಲ್ಲಿ ದೂರುದಾರರೇ ಗುಜರಾತ್ ಹೈಕೋರ್ಟಿನಿಂದ ವಿಚಾರಣೆಗೆ ತಡೆ ತಂದರು. 2023ರ ಫೆಬ್ರವರಿಯಲ್ಲಿ ಅದು ತೆರವಾಯಿತು. ಆಮೇಲೆ ಎಲ್ಲಾ ಸರಸರ. ಮಾರ್ಚ್ 23ಕ್ಕೆ ತೀರ್ಪು: ಅಪರಾಧಿ, ಎರಡು ವರ್ಷ ಜೈಲು. ಮೇಲ್ಮನವಿಗೆ 30 ದಿನ ಕಾಲಾವಕಾಶ ಕೊಟ್ಟು ಜಾಮೀನು ಕೊಟ್ಟರು. ಮಾರ್ಚ್ 24ಕ್ಕೆ ಲೋಕಸಭಾ ಸಚಿವಾಲಯದ ಅಧಿಸೂಚನೆ, ಸದಸ್ಯತ್ವ ಹಿಂದಿನ ದಿನದಿಂದಲೇ ಇಲ್ಲ ಅಂತ.

ಈ ‘ಎರಡು ವರ್ಷ’ ಅನ್ನುವ ಅಳತೆಯೇ ಇಡೀ ಪ್ರಕರಣದ ಜೀವ. 500ನೇ ಕಲಮಿನ ಅಡಿ ಕೊಡಬಹುದಾದ ಗರಿಷ್ಠ ಶಿಕ್ಷೆ ಎರಡು ವರ್ಷ. ಸುಮ್ನೆ ದಂಡ ಹಾಕಿ ಬಿಡಬಹುದು, ಒಂದು ತಿಂಗಳು ಕೊಡಬಹುದು, ಆರು ತಿಂಗಳು ಕೊಡಬಹುದು. ಜನಪ್ರತಿನಿಧಿ ಕಾಯ್ದೆಯ 8(3) ಏನು ಹೇಳುತ್ತದೆ ಅಂದರೆ, ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯಾದರೆ ಸ್ಥಾನ ಹೋಗುತ್ತದೆ, ಬಿಡುಗಡೆಯಾದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಮೊದಲು ಹಾಲಿ ಸದಸ್ಯರಿಗೆ ಮೇಲ್ಮನವಿ ಹಾಕಲು ಮೂರು ತಿಂಗಳ ರಕ್ಷಣೆ ಇತ್ತು. 2013ರ ಲಿಲಿ ಥಾಮಸ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತೆಗೆದು ಹಾಕಿತು. ಆ ತೀರ್ಪು ಬಂದದ್ದು ಕೊಲೆ, ಲಂಚ, ಹಗರಣದಲ್ಲಿ ಶಿಕ್ಷೆಯಾದವರು ಸದನದಲ್ಲಿ ಕೂತಿರಬಾರದು ಅನ್ನುವ ಒಳ್ಳೆಯ ಉದ್ದೇಶಕ್ಕೆ. ಆದರೆ ಆ ಕತ್ತರಿ ಒಂದು ಭಾಷಣದ ಲೇವಡಿಗೂ ಬಂದು ತಗಲುತ್ತದೆ ಅಂತ ಅವತ್ತು ಯಾರು ಅಂದುಕೊಂಡಿದ್ದರು?

ಸೂರತ್ ಸೆಷನ್ಸ್ ಕೋರ್ಟು ಏಪ್ರಿಲ್ 20ಕ್ಕೆ, ರಾಹುಲ್ ಅಪರಾಧಿ ಅನ್ನುವ ತೀರ್ಪಿಗೆ ತಡೆ ಕೊಡಲ್ಲ ಅಂದಿತು. ಗುಜರಾತ್ ಹೈಕೋರ್ಟು ಜುಲೈ 7ಕ್ಕೆ ಅದನ್ನೇ ಹೇಳಿತು. ಈ ನಡುವೆ ಏಪ್ರಿಲ್ 16ಕ್ಕೆ ರಾಹುಲ್ ಮತ್ತೆ ಕೋಲಾರಕ್ಕೇ ಬಂದು ವಿಧಾನಸಭೆ ಚುನಾವಣೆಯ ಸಭೆ ಮಾಡಿದರು. ಆಗಸ್ಟ್ 4ಕ್ಕೆ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ, ಪಿ.ಎಸ್. ನರಸಿಂಹ, ಸಂಜಯ್ ಕುಮಾರ್ ಅವರ ಪೀಠ ಅಪರಾಧಿ ಎಂಬ ತೀರ್ಪಿಗೆ ತಡೆ ಕೊಟ್ಟಿತು. ಆಗಸ್ಟ್ 7ಕ್ಕೆ ಸದಸ್ಯತ್ವ ವಾಪಸ್ಸು ಬಂತು.

ಆ ಆದೇಶದಲ್ಲಿ ಎರಡು ಮಾತಿವೆ, ಎರಡನ್ನೂ ಒಟ್ಟಿಗೆ ಓದಬೇಕು. ಒಂದು, ಇಂಥ ಮಾತು ಒಳ್ಳೆಯ ಅಭಿರುಚಿಯದ್ದಲ್ಲ, ಸಾರ್ವಜನಿಕ ಬದುಕಿನಲ್ಲಿ ಇರುವವರು ನಾಲಿಗೆ ಮೇಲೆ ಎಚ್ಚರ ಇಟ್ಟುಕೊಳ್ಳಬೇಕು. ಕಾಂಗ್ರೆಸ್ಸಿನವರು ಇದನ್ನು ಹೇಳುವುದೇ ಇಲ್ಲ. ಇನ್ನೊಂದು, ಗರಿಷ್ಠ ಶಿಕ್ಷೆಯನ್ನೇ ಯಾಕೆ ಕೊಟ್ಟೆ ಅನ್ನುವುದಕ್ಕೆ ವಿಚಾರಣಾ ನ್ಯಾಯಾಲಯ ಕಾರಣ ಕೊಟ್ಟಿಲ್ಲ. ಹಿಂದೆ ಚೌಕೀದಾರ್ ಮಾತಿಗೆ ಸುಪ್ರೀಂ ಕೋರ್ಟಿನ ಹೆಸರು ಸೇರಿಸಿ ರಾಹುಲ್ ಕ್ಷಮೆ ಕೇಳಬೇಕಾಗಿ ಬಂದಿತ್ತಲ್ಲ, ಆಗ ಕೊಟ್ಟ ಎಚ್ಚರಿಕೆಯೊಂದನ್ನು ಬಿಟ್ಟರೆ ಬೇರೆ ಕಾರಣ ಇಲ್ಲ ಅಂತ ಪೀಠ ಹೇಳಿತು. ಶಿಕ್ಷೆ ಒಂದೇ ಒಂದು ದಿನ ಕಡಿಮೆ ಇದ್ದಿದ್ದರೂ ಅನರ್ಹತೆ ಬರುತ್ತಿರಲಿಲ್ಲ, ಇದರಿಂದ ಒಬ್ಬ ವ್ಯಕ್ತಿಯ ಹಕ್ಕು ಮಾತ್ರ ಹೋಗಿಲ್ಲ, ಅವರನ್ನು ಆರಿಸಿದ ಮತದಾರರ ಹಕ್ಕೂ ಹೋಗಿದೆ ಅಂತಲೂ ಹೇಳಿತು. ಒಂದು ದಿನ. ಇಪ್ಪತ್ನಾಲ್ಕು ಗಂಟೆ. ವಯನಾಡಿನ ಮತದಾರರಿಗೆ ನಾಲ್ಕು ತಿಂಗಳಿಗೂ ಜಾಸ್ತಿ ಲೋಕಸಭೆಯಲ್ಲಿ ದನಿ ಇಲ್ಲದ ಹಾಗಾದದ್ದು ಆ ಇಪ್ಪತ್ನಾಲ್ಕು ಗಂಟೆಯಿಂದ. ಅವರು ಕೋಲಾರದ ಭಾಷಣ ಕೇಳಿದವರೂ ಅಲ್ಲ, ಸೂರತ್‌ನಲ್ಲಿ ನೊಂದವರೂ ಅಲ್ಲ.

ಇನ್ನು ಯಾರಿಗೆ ಮಾನ ಹೋಯಿತು ಅನ್ನುವ ಪ್ರಶ್ನೆ. 499ರ ವಿವರಣೆಯಲ್ಲಿ ಒಂದು ಗುಂಪಿನ ಮಾನವನ್ನೂ ಕಳೆಯಬಹುದು ಅಂತ ಇದೆ. ಆದರೆ ಆ ಗುಂಪು ಇಂಥದ್ದೇ, ಇಷ್ಟೇ ಅಂತ ಗುರುತಿಸುವ ಹಾಗಿರಬೇಕು ಅಂತ ಸುಪ್ರೀಂ ಕೋರ್ಟ್ 1972ರಲ್ಲೇ ತಮಿಳುನಾಡಿನ ಒಂದು ಪ್ರಕರಣದಲ್ಲಿ ಹೇಳಿದೆ. ದ್ರಾವಿಡರ ಕಳಗದ ಸೇಲಂ ಸಮ್ಮೇಳನದ ಬಗ್ಗೆ ಬಂದ ಪತ್ರಿಕಾ ವರದಿಯ ಮೇಲಿನ ಕೇಸು ಅದು. 2010ರಲ್ಲಿ ನಟಿ ಖುಷ್ಬೂ ಮೇಲೆ ತಮಿಳುನಾಡಿನ ಊರೂರಲ್ಲಿ ಹಾಕಿದ್ದ ಕೇಸುಗಳನ್ನೆಲ್ಲಾ ರದ್ದು ಮಾಡುವಾಗಲೂ ಇದೇ ನಿಲುವು: ನಿನಗೆ ಇಷ್ಟವಾಗದ ಮಾತು ಬೇರೆ, ನಿನ್ನ ಮಾನ ಕಳೆದ ಮಾತು ಬೇರೆ. ಮೋದಿ ಪ್ರಕರಣದಲ್ಲಿ ದೂರುದಾರರ ಕಡೆಯವರು ದೇಶದಲ್ಲಿ 13 ಕೋಟಿ ಮೋದಿಗಳಿದ್ದಾರೆ ಅಂದರು. ರಾಹುಲ್ ಪರ ಅಭಿಷೇಕ್ ಮನು ಸಿಂಘ್ವಿ, ಅಷ್ಟು ಜನರಲ್ಲಿ ಕೇಸು ಹಾಕಿದವರೆಲ್ಲಾ ಬಿಜೆಪಿಯವರೇ ಯಾಕೆ, ಮೋದಿ ಅನ್ನುವುದು ಒಂದೇ ಜಾತಿ ಸಮುದಾಯವೂ ಅಲ್ಲ, ದೂರುದಾರರ ಮೂಲ ಅಡ್ಡಹೆಸರೂ ಮೋದಿ ಅಲ್ಲ ಅಂತ ವಾದ ಮಾಡಿದರು. ನನಗೆ ಈ ವಾದದಲ್ಲಿ ಗಟ್ಟಿ ಅನ್ನಿಸುವುದು ಮೊದಲನೆಯದು. ನೋವು ನಿಜವಾಗಿ ಆ ಹೆಸರಿನದ್ದಾಗಿದ್ದರೆ ಅದು ಪಕ್ಷದ ಗಡಿ ದಾಟಿ ಬರುತ್ತಿತ್ತು ಅಲ್ವಾ?

ಇದನ್ನು ಓದಿ ಬಿಜೆಪಿ ಒಂದೇ ಹೀಗೆ ಮಾಡುತ್ತದೆ ಅಂತ ಯಾರೂ ಅಂದುಕೊಳ್ಳಬಾರದು. ಅದೇ 2019ರಲ್ಲಿ ಮಂಡ್ಯದಲ್ಲಿ ನಿಂತಿದ್ದ ಆಗಿನ ಮುಖ್ಯಮಂತ್ರಿ ಕುಮಾರಸ್ವಾಮಿ ಅವರ ಮಗನ ಮೇಲಿನ ‘ನಿಖಿಲ್ ಎಲ್ಲಿದೀಯಪ್ಪಾ’ ಅನ್ನುವ ಗೇಲಿ ನಾಡೆಲ್ಲಾ ಹರಿದಾಡಿತ್ತು. ಚುನಾವಣೆ ಮುಗಿದ ಮೇಲೆ ನಿಖಿಲ್ ಬಗ್ಗೆ ಬಂದ ಒಂದು ವರದಿಗೆ ದಿನಪತ್ರಿಕೆಯ ಸಂಪಾದಕರ ಮೇಲೆ ಎಫ್‌ಐಆರ್ ಆಯಿತು. ಆಗ ಇದ್ದದ್ದು ಜೆಡಿಎಸ್–ಕಾಂಗ್ರೆಸ್ ಸರ್ಕಾರ. 2022ರಲ್ಲಿ ಬೆಂಗಳೂರಿನ ಗೋಡೆಗಳ ಮೇಲೆ ‘ಪೇಸಿಎಂ’ ಪೋಸ್ಟರ್ ಅಂಟಿಸಿದವರನ್ನು ಬಿಜೆಪಿ ಸರ್ಕಾರದ ಪೊಲೀಸರು ಹಿಡಿದರು. ಕ್ಯೂಆರ್ ಕೋಡಿನ ಮಧ್ಯೆ ಮುಖ್ಯಮಂತ್ರಿಯ ಮುಖ ಇಟ್ಟ ಆ ಪೋಸ್ಟರ್ ನನ್ನ ಪ್ರಕಾರ ಈಚೆಗೆ ನಮ್ಮ ರಾಜ್ಯ ಕಂಡ ಒಳ್ಳೆಯ ರಾಜಕೀಯ ಅಣಕ. ಯಾರ ಹುಟ್ಟನ್ನೂ ಮುಟ್ಟಲಿಲ್ಲ, ಕಮಿಷನ್ ಆರೋಪದ ಮೇಲೇ ನೇರ ಬೆರಳಿಟ್ಟಿತು. 2024ರ ಮೇನಲ್ಲಿ ಮೀಸಲಾತಿ ಬಗ್ಗೆ ಬಿಜೆಪಿ ಮಾಡಿದ ಕಾರ್ಟೂನ್ ವಿಡಿಯೊ ಬಂದಾಗ ಕಾಂಗ್ರೆಸ್ ದೂರು ಕೊಟ್ಟಿತು, ಕೇಸೂ ಆಯಿತು, ಅದನ್ನು ತೆಗೆಯಲು ಚುನಾವಣಾ ಆಯೋಗ ಹೇಳಿತು. ಆ ವಿಡಿಯೊ ಒಂದು ಇಡೀ ಸಮುದಾಯವನ್ನು ಬೇರೆಯವರ ಅನ್ನ ಕಸಿಯುವವರಂತೆ ತೋರಿಸಿತ್ತು. ಕೋಲಾರದ ಮಾತನ್ನು ತಪ್ಪು ಅನ್ನುವ ಅಳತೆಯಲ್ಲಿ ಇದು ಇನ್ನೂ ದೊಡ್ಡ ತಪ್ಪು. ತೆಗೆಸಿದ್ದು ಸರಿ. ಆಯೋಗ ಇರುವುದೇ ಅದಕ್ಕೆ, ಇನ್ನೂ ಬೇಗ ಮಾಡಬೇಕಿತ್ತು.

ಸಂಸದರಿಗೆ ದೊಡ್ಡ ವಕೀಲರಿದ್ದಾರೆ, ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿ ಇದೆ. ನನಗೆ ಚಿಂತೆ ಇರುವುದು ಬಂಗಾರಪೇಟೆಯಲ್ಲೋ ಮಾಲೂರಿನಲ್ಲೋ ಮೊಬೈಲಿನಲ್ಲಿ ಮೀಮ್ ಮಾಡುವ ಹುಡುಗನ ಬಗ್ಗೆ. ನಮ್ಮ ಕಡೆ ಚುನಾವಣೆ ಅಂದರೆ ಕನ್ನಡ, ತೆಲುಗು ಎರಡರಲ್ಲೂ ಗೇಲಿ. ಟೀ ಅಂಗಡಿ ಮುಂದೆ ‘ಏನಣ್ಣಾ, ನಿಮ್ಮೋರು ಕೆರೆ ತುಂಬಿಸ್ತೀನಿ ಅಂದಿದ್ರಲ್ಲ, ಯಾವ ಕೆರೆನಪ್ಪಾ ಅದು’ ಅಂತ ಕುಟುಕುವುದು, ಅದಕ್ಕೆ ಆ ಕಡೆಯವರು ಇನ್ನೂ ಖಾರವಾಗಿ ತಿರುಗಿಸುವುದು, ಸಂಜೆಗೆ ಇಬ್ಬರೂ ಒಂದೇ ಬೆಂಚಲ್ಲಿ ಕೂರುವುದು. ಈಗ ಅದೇ ಮಾತು ವಾಟ್ಸಾಪಿನಲ್ಲಿ ಹೋಗುತ್ತದೆ, ಫೋಟೊ ಸೇರುತ್ತದೆ. ಯಾರೋ ನೊಂದುಕೊಂಡು ಬೇರೆ ಜಿಲ್ಲೆಯಲ್ಲಿ ಖಾಸಗಿ ದೂರು ಹಾಕಿದರೆ ಏನಾಗುತ್ತದೆ ನೋಡಿ. ಸಮನ್ಸ್ ಬರುತ್ತದೆ. ವಕೀಲರನ್ನು ಹಿಡಿಯಬೇಕು. ಜಾಮೀನಿಗೆ ಪಹಣಿ ಇರುವ ಯಾರನ್ನಾದರೂ ಬೇಡಿಕೊಂಡು ಕರೆದುಕೊಂಡು ಹೋಗಬೇಕು. ಪ್ರತಿ ವಾಯಿದೆಗೂ ಒಂದು ದಿನದ ಕೂಲಿ ಹೋಗುತ್ತದೆ, ಬಸ್ ಚಾರ್ಜು ಬೇರೆ. ನಾಲ್ಕು ವರ್ಷದ ಮೇಲೆ ಖುಲಾಸೆ ಆದರೂ ಆ ನಾಲ್ಕು ವರ್ಷವನ್ನು ಯಾರೂ ವಾಪಸ್ಸು ಕೊಡುವುದಿಲ್ಲ. ಆ ಹುಡುಗ ಮತ್ತೆ ಮೀಮ್ ಮಾಡುತ್ತಾನಾ? ಅವನನ್ನು ನೋಡಿದ ಅವನ ಸ್ನೇಹಿತರು ಮಾಡುತ್ತಾರಾ? ಕ್ರಿಮಿನಲ್ ಮಾನನಷ್ಟ ಕಾನೂನಿನಲ್ಲಿ ಶಿಕ್ಷೆ ಆಗುವುದು ತೀರ್ಪಿನ ದಿನ ಅಲ್ಲ, ಸಮನ್ಸ್ ಬಂದ ದಿನವೇ ಶುರುವಾಗುತ್ತದೆ.

2016ರಲ್ಲಿ ಸುಬ್ರಮಣಿಯನ್ ಸ್ವಾಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಕಾನೂನನ್ನು ಎತ್ತಿ ಹಿಡಿಯಿತು. ಮರ್ಯಾದೆಯೂ ಬದುಕುವ ಹಕ್ಕಿನ ಭಾಗ ಅಂದಿತು. ಮರ್ಯಾದೆ ಮುಖ್ಯ ಅನ್ನುವುದರಲ್ಲಿ ನನಗೂ ಅನುಮಾನ ಇಲ್ಲ, ಆದರೆ ಅದನ್ನು ಉಳಿಸಲು ಸಿವಿಲ್ ದಾವೆ ಇದೆ, ಕ್ಷಮೆ ಕೇಳಿಸುವ ದಾರಿ ಇದೆ, ಜೈಲಿನ ಬಾಗಿಲು ಯಾಕೆ ಬೇಕು ಅಂತ ಆ ತೀರ್ಪಿನಲ್ಲಿ ನನಗೆ ಒಪ್ಪಿಗೆಯಾಗುವ ಉತ್ತರ ಸಿಗಲಿಲ್ಲ. ಕಾಂಗ್ರೆಸ್ ಸಂಸದ ಇಮ್ರಾನ್ ಪ್ರತಾಪ್‌ಗಢಿ ಪ್ರಕರಣದಲ್ಲಿ 2025ರ ಮಾರ್ಚ್ 28ಕ್ಕೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಹೆಚ್ಚು ಧೈರ್ಯ ಕೊಡುತ್ತದೆ. ಅದು ಮಾನನಷ್ಟದ ಕೇಸಲ್ಲ, ದ್ವೇಷ ಹರಡಿದರು ಅಂತ ಜಾಮ್‌ನಗರದಲ್ಲಿ ಒಂದು ಪದ್ಯದ ವಿಡಿಯೊ ಮೇಲೆ ಹಾಕಿದ ಎಫ್‌ಐಆರ್. ಅದನ್ನು ರದ್ದು ಮಾಡುತ್ತಾ ಕೋರ್ಟು ಹೇಳಿದ್ದು, ಮಾತನ್ನು ಅಳೆಯುವಾಗ ಗಟ್ಟಿ ಮನಸ್ಸಿನ, ವಿವೇಕ ಇರುವ ಜನರ ಅಳತೆಯಲ್ಲಿ ಅಳೆಯಬೇಕು, ಎದುರು ಮಾತು ಬಂದಾಗಲೆಲ್ಲಾ ಅಪಾಯ ಕಾಣುವ ಮನಸ್ಸಿನ ಅಳತೆಯಲ್ಲಿ ಅಲ್ಲ ಅಂತ. ಕೋಲಾರದ ಮೈದಾನದಲ್ಲಿ ಕೂತು ಆ ಭಾಷಣ ಕೇಳಿ, ಐದು ದಿನದ ಮೇಲೆ ತಮಗೆ ಸರಿ ಕಂಡಂತೆ ವೋಟು ಹಾಕಿ ಬಂದವರು ಅಂಥ ಜನವೇ. ಅವರಿಗೆ ಲೇವಡಿ ಯಾವುದು, ಆರೋಪ ಯಾವುದು, ಹದ್ದು ಮೀರಿದ ಮಾತು ಯಾವುದು ಅಂತ ಗೊತ್ತಿರುತ್ತದೆ.

2024ರ ಜುಲೈ 1ರಿಂದ ಹಳೆಯ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಮಾನನಷ್ಟ ಈಗ 356ನೇ ಕಲಂ. ಶಿಕ್ಷೆಯ ಪಟ್ಟಿಗೆ ಸಮುದಾಯ ಸೇವೆ ಸೇರಿಸಿದ್ದಾರೆ, ಎರಡು ವರ್ಷದ ಜೈಲನ್ನು ಹಾಗೇ ಇಟ್ಟಿದ್ದಾರೆ. ಅನರ್ಹತೆಯ ಗೆರೆಯೂ ಎರಡು ವರ್ಷಕ್ಕೇ ನಿಂತಿದೆ. ಶ್ರೀಲಂಕಾ 2002ರಲ್ಲೇ ಕ್ರಿಮಿನಲ್ ಮಾನನಷ್ಟವನ್ನು ತೆಗೆದು ಹಾಕಿತು. ನಮಗೆ ಈ ಕಾನೂನು ಬರೆದುಕೊಟ್ಟ ಬ್ರಿಟಿಷರು ತಮ್ಮ ದೇಶದಲ್ಲಿ 2009ರಲ್ಲಿ ಕಾಯ್ದೆ ಮಾಡಿ ಇದನ್ನು ಕೈಬಿಟ್ಟರು. ಇಲ್ಲಿ ಪೂರ್ತಿ ತೆಗೆಯಲು ಯಾವ ಪಕ್ಷಕ್ಕೂ ಮನಸ್ಸಿಲ್ಲ ಅಂದರೆ, ಕೊನೇ ಪಕ್ಷ 356ನೇ ಕಲಮಿನಿಂದ ಜೈಲನ್ನು ತೆಗೆದು ದಂಡ ಮತ್ತು ಸಮುದಾಯ ಸೇವೆ ಉಳಿಸಲಿ. ಅದಕ್ಕೆ ಸಂಸತ್ತಿನಲ್ಲಿ ಒಂದು ಸಾಲಿನ ತಿದ್ದುಪಡಿ ಸಾಕು. ಸೂರತ್ ತೀರ್ಪಿನ ದಿನ ರಸ್ತೆಗಿಳಿದ ಕಾಂಗ್ರೆಸ್ಸಿನ ಸಂಸದರು ಆ ತಿದ್ದುಪಡಿಯನ್ನು ಖಾಸಗಿ ಮಸೂದೆಯಾಗಿಯಾದರೂ ಮುಂದಿಡಬೇಕು, ಕೋಲಾರದ ಮಾತಿನಿಂದ ನೊಂದೆವು ಅಂದ ಬಿಜೆಪಿಯವರು ಅದಕ್ಕೆ ಕೈ ಎತ್ತಬೇಕು. ಮುಂದಿನ ಪ್ರಚಾರದಲ್ಲಿ ಸಮನ್ಸ್ ಯಾವ ಕಡೆಯವರ ಮನೆಗೆ ಬರುತ್ತದೋ ಇಬ್ಬರಿಗೂ ಗೊತ್ತಿಲ್ಲ.